ಮನೆ ಕಸ: ಮೊದಲು ಯಾವುದಕ್ಕೆ ಕೈ ಹಾಕಬೇಕು?

ಕಸದ ಪಾಠ ಬಂದರೆ ಪುಸ್ತಕದಲ್ಲಿ ಒಂದು ಪಿರಮಿಡ್ ಚಿತ್ರ ಇದ್ದೇ ಇರುತ್ತದೆ. ಕಸ ಹುಟ್ಟದಂತೆ ನೋಡಿಕೊಳ್ಳುವುದು, ಇರುವುದನ್ನೇ ಮತ್ತೆ ಬಳಸುವುದು, ಕರಗಿಸಿ ಹೊಸ ವಸ್ತು ಮಾಡುವುದು, ಶಕ್ತಿ ತೆಗೆಯುವುದು, ಕೊನೆಗೆ ಹೂಳುವುದು. ಬಾಯಿಪಾಠಕ್ಕೆ ಸುಲಭ. ಆದರೆ ‘ದಾವಣಗೆರೆಯಂಥ ಊರಿನಲ್ಲಿ ದುಡ್ಡು, ಗಾಡಿ, ಜನ ಎಲ್ಲ ಇಷ್ಟೇ ಇದ್ದಾಗ ಮೊದಲು ಏನು ಮಾಡುತ್ತೀರಿ?’ ಅಂತ ಪರೀಕ್ಷೆಯಲ್ಲಿ ಕೇಳಿದರೆ ಈ ಚಿತ್ರ ಸಾಲದು. ಯಾವ ದಾರಿ ಒಳ್ಳೆಯದು ಅಂತ ಅದು ಹೇಳುತ್ತದೆ. ಯಾವ ಕಸವನ್ನು ಮೊದಲು ಹಿಡಿಯಬೇಕು ಅಂತ ಹೇಳುವುದಿಲ್ಲ.

ಥಟ್ಟನೆ ಬರುವ ಉತ್ತರ ಪ್ಲಾಸ್ಟಿಕ್. ಚರಂಡಿಯಲ್ಲಿ, ಖಾಲಿ ಸೈಟಿನಲ್ಲಿ ಕಣ್ಣಿಗೆ ಬೀಳುವುದು ಅದೇ ಅಲ್ವಾ? ಆದರೆ ತೂಕ ಹಾಕಿ ನೋಡಿ. ನಮ್ಮ ನಗರಗಳ ಮನೆ ಕಸದಲ್ಲಿ ಸುಮಾರು ಅರ್ಧ, ಎಷ್ಟೋ ಕಡೆ ಅದಕ್ಕೂ ಜಾಸ್ತಿ, ಹಸಿ ಕಸ. ನನ್ನ ಪ್ರಕಾರ ಮೊದಲ ಸ್ಥಾನ ಅದಕ್ಕೇ. ಕಾರಣ ತೂಕ ಒಂದೇ ಅಲ್ಲ.

ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದ ಮನೆಯ ಕಸ ತಗೊಳ್ಳಿ. ಎಣ್ಣೆ ಹೀರಿದ ಪೇಪರ್, ಮೆಣಸಿನಕಾಯಿ ತೊಟ್ಟು, ಈರುಳ್ಳಿ ಸಿಪ್ಪೆ. ಜೊತೆಗೆ ಹಾಲಿನ ಕವರ್, ರಟ್ಟಿನ ಬಾಕ್ಸ್, ಹಳೇ ಪತ್ರಿಕೆ. ರಟ್ಟು, ಪತ್ರಿಕೆ ಒಣಗಿದ್ದರೆ ಗುಜರಿಯವರು ಕೆ.ಜಿ. ಲೆಕ್ಕದಲ್ಲಿ ದುಡ್ಡು ಕೊಟ್ಟು ಒಯ್ಯುತ್ತಾರೆ. ಅದೇ ಬುಟ್ಟಿಗೆ ನಿನ್ನೆಯ ಸಾರು ಸುರಿದರೆ ರಟ್ಟು ನೆನೆಯುತ್ತದೆ, ಪತ್ರಿಕೆ ಮುದ್ದೆಯಾಗುತ್ತದೆ, ಕವರ್ ನಾರುತ್ತದೆ. ಆಮೇಲೆ ಯಾರೂ ಮುಟ್ಟುವುದಿಲ್ಲ. ಹಸಿ ಕಸ ಬೇರೆಯಾಗದಿದ್ದರೆ ಒಣ ಕಸದ ಯೋಜನೆಯೂ ಕೆಟ್ಟಿತು ಅಂತಲೇ ಲೆಕ್ಕ. ಸುಟ್ಟು ವಿದ್ಯುತ್ ಮಾಡುವ ಮಾತಿಗೂ ಇದೇ ಗತಿ. ಒದ್ದೆ ಕಸ ಸರಿಯಾಗಿ ಉರಿಯುವುದಿಲ್ಲ, ಇರುವ ಶಾಖ ನೀರು ಆರಿಸಲಿಕ್ಕೇ ಹೋಗುತ್ತದೆ.

ಇನ್ನು ಊರಾಚೆ ಗುಡ್ಡೆ ಹಾಕಿದರೆ? ಒಳಗೆ ಗಾಳಿ ಆಡದೆ ಹಸಿ ಕಸ ಕೊಳೆತು ಮೀಥೇನ್ ಅನ್ನುವ, ಬೆಂಕಿ ಹತ್ತುವ ಅನಿಲ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈ ಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಶಾಖ ಹಿಡಿದಿಡುತ್ತದೆ. ಗುಡ್ಡೆಗೆ ಬೆಂಕಿ ಬೀಳಲಿಕ್ಕೂ ಇದು ಒಂದು ಕಾರಣ. ಅಡಿಯಿಂದ ಇಳಿಯುವ ಕಪ್ಪು ನೀರು ಅಂತರ್ಜಲ ಕೆಡಿಸುತ್ತದೆ.

ಆದರೆ ತೂಕವನ್ನೇ ನಂಬಿದರೆ ಒಂದು ಕಡೆ ಎಡವುತ್ತೇವೆ. ಬ್ಯಾಟರಿ, ಟ್ಯೂಬ್‌ಲೈಟ್, ಅವಧಿ ಮುಗಿದ ಮಾತ್ರೆ, ಸೂಜಿ ಎಲ್ಲ ಸೇರಿ ತೂಕಕ್ಕೆ ಏನೇನೂ ಅಲ್ಲ. ಅಪಾಯ ಮಾತ್ರ ದೊಡ್ಡದು. ಬುಟ್ಟಿಗೆ ಕೈ ಹಾಕುವ ಪೌರಕಾರ್ಮಿಕರಿಗೆ ಮೊದಲು ಚುಚ್ಚುವುದು ಆ ಸೂಜಿಯೇ. 2016ರ ಘನತ್ಯಾಜ್ಯ ನಿಯಮ ಹಸಿ, ಒಣ, ಮನೆಯ ಅಪಾಯಕಾರಿ ಅಂತ ಮೂರು ಭಾಗ ಮಾಡಿದ್ದು ಸುಮ್ನೆ ಅಲ್ಲ. ಪ್ಯಾಡ್, ಡಯಾಪರ್‌ಗಳನ್ನು ಸುತ್ತಿ ಕೊಡಬೇಕು ಅಂತಲೂ ಅದರಲ್ಲಿತ್ತು.

ಗಾಡಿಯ ವೇಳಾಪಟ್ಟಿಯನ್ನೂ ಈ ಲೆಕ್ಕದಲ್ಲೇ ಹಾಕಬಹುದು. ಹಸಿ ಕಸ ದಿನಾ ಎತ್ತಲೇಬೇಕು. ಒಣ ಕಸ ನಾರುವುದಿಲ್ಲ, ವಾರಕ್ಕೆ ಎರಡು ಸಲ ಸಾಕು. ಅಪಾಯಕಾರಿ ಕಸಕ್ಕೆ ಇನ್ನೂ ಕಡಿಮೆ ಸಲ ಸಾಕು. ದಿನಾ ಎಲ್ಲವನ್ನೂ ಒಟ್ಟಿಗೆ ಎತ್ತುವುದಕ್ಕಿಂತ ಡೀಸೆಲ್ ಉಳಿಯುತ್ತದೆ. ಆದರೆ ಗಾಡಿಯೊಳಗೂ ವಿಭಾಗ ಇರಬೇಕು. ಮನೆಯವರು ಬೇರೆ ಮಾಡಿದ್ದನ್ನು ಅವರ ಕಣ್ಣೆದುರೇ ಒಟ್ಟಿಗೆ ಸುರಿದರೆ, ಮಾರನೇ ದಿನದಿಂದ ಬೇರೆ ಮಾಡುವುದನ್ನೇ ಬಿಟ್ಟುಬಿಡುತ್ತಾರೆ. ಮನೆ ಬಾಗಿಲಿಗಿಂತ ಮೊದಲು ಗಾಡಿಯನ್ನು ಸರಿಮಾಡಬೇಕು ಅಂತ ನಾನು ಹೇಳುವುದು ಇದಕ್ಕೇ. ಉತ್ತರ ಪತ್ರಿಕೆಗಳಲ್ಲಿ ಈ ಅಂಶ ಕಾಣುವುದು ಅಪರೂಪ.

ದಿನಕ್ಕೆ ಸರಾಸರಿ 100 ಕೆ.ಜಿ.ಗಿಂತ ಜಾಸ್ತಿ ಕಸ ಮಾಡುವವರನ್ನು ಅದೇ 2016ರ ನಿಯಮ ದೊಡ್ಡ ಉತ್ಪಾದಕರು ಅಂದಿತ್ತು. ದೊಡ್ಡ ಹೋಟೆಲ್, ಹಾಸ್ಟೆಲ್‌ಗಳು ಈ ಸಾಲಿಗೆ ಬರಬಹುದು. ಆದಷ್ಟೂ ತಮ್ಮ ಜಾಗದಲ್ಲೇ ಹಸಿ ಕಸ ಗೊಬ್ಬರ ಮಾಡಬೇಕಾದವರು ಇವರು. ಸಾವಿರ ಮನೆಗೆ ತಿಳಿಹೇಳುವುದಕ್ಕಿಂತ ಇವರನ್ನು ಹಿಡಿದರೆ ಫಲ ಬೇಗ.

ಗೊಬ್ಬರದ ಲೆಕ್ಕವೂ ನೆನಪಿರಲಿ: ಇಂಗಾಲ ಮತ್ತು ಸಾರಜನಕ 25–30ಕ್ಕೆ 1 ಇರಬೇಕು. ಅಡುಗೆಮನೆ ಕಸದಲ್ಲಿ ಸಾರಜನಕ ಜಾಸ್ತಿ, ಅದಕ್ಕೇ ಇಂಗಾಲ ಜಾಸ್ತಿ ಇರುವ ಒಣ ಎಲೆ ಬೆರೆಸುವುದು. ನಮ್ಮ ಕಡೆ ಅಕ್ಕಿ ಗಿರಣಿಗಳ ಭತ್ತದ ಹೊಟ್ಟು ಸಿಗುತ್ತದೆ. ತೇವ ಹೀರಲು, ಗಾಳಿ ಆಡಲು ಅದು ಒಳ್ಳೆಯದು. ಆದರೆ ಸಿಲಿಕಾ ಇರುವುದರಿಂದ ಬೇಗ ಕೊಳೆಯುವುದಿಲ್ಲ. ಬರೀ ಹೊಟ್ಟನ್ನೇ ನಂಬದೆ ಎಲೆಯನ್ನೂ ಸೇರಿಸಿ.