ಪದ ಪರಿಚಯ: ನೂರು-ತೊಂಬತ್ತು ಬಲ್ಬ್

ಚಿಂತಾಮಣಿಯಲ್ಲೋ ಶಿಡ್ಲಘಟ್ಟದಲ್ಲೋ ಗಾಡಿ ವೈರಿಂಗ್ ಮಾಡುವ ಅಂಗಡಿ ಮುಂದೆ ನಿಂತು, 'ಅಣ್ಣಾ, ರಾತ್ರಿ ಹೊತ್ತು ಲೈಟ್ ಸಾಲ್ತಿಲ್ಲ' ಅನ್ನಿ. 'ನೂರು-ತೊಂಬತ್ತು ಹಾಕಿಸ್ಬಿಡಿ' ಅನ್ನುವ ಉತ್ತರ ಬರುವುದೇ ಜಾಸ್ತಿ. ಗಾಡಿಯ ಹೆಡ್‌ಲೈಟಿಗೆ ಹಾಕುವ ಬಲ್ಬ್ ಇದು, ಬರೆಯುವಾಗ 100/90. ಈ ಎರಡು ಸಂಖ್ಯೆಗಳನ್ನು ಸರಿಯಾಗಿ ಓದಿಕೊಳ್ಳದೆ ನಮ್ಮ ಸೋದರಮಾವನ ಪಿಕಪ್ಪಿನ ಬಲ್ಬ್ ಹೋಲ್ಡರ್ ನಡುರಾತ್ರಿ ಕರಗಿ ಹೋಯಿತು. ಅದಕ್ಕೇ ಈ ಪದವನ್ನು ಬಿಡಿಸಿ ಹೇಳಬೇಕು ಅನ್ನಿಸಿತು.

ಎರಡೂ ವ್ಯಾಟ್‌ಗಳು. ಹೈ ಬೀಮ್‌ಗೆ 100 ವ್ಯಾಟ್, ಡಿಪ್‌ಗೆ 90 ವ್ಯಾಟ್. ಹಿಂದೆ ಮೂರು ಕಾಲಿರುವ ಎಚ್4 ಅನ್ನುವ ಹ್ಯಾಲೊಜನ್ ಬಲ್ಬ್ ಜಾತಿಗೆ ಸೇರಿದ್ದು ಇದು. ಎಚ್4 ಬಂದದ್ದು 1971ರಲ್ಲಿ. ಅದಕ್ಕೆ ಮೊದಲು, 1962ರಲ್ಲಿ ಬಂದ ಎಚ್1 ಬಲ್ಬ್‌ಗೆ ಉರಿಯುವ ತಂತಿ (ಫಿಲಮೆಂಟ್) ಒಂದೇ ಇತ್ತು. ಎಚ್4ನಲ್ಲಿ ಒಂದೇ ಗಾಜಿನೊಳಗೆ ಎರಡು ತಂತಿ, ಒಂದು ಹೈಗೆ, ಒಂದು ಡಿಪ್‌ಗೆ. ಕಂಪನಿಯಿಂದ ಗಾಡಿ ಜೊತೆ ಬರುವ ಎಚ್4 ಬಲ್ಬಿನ ಲೆಕ್ಕ 60/55.

ಅರವತ್ತರ ಜಾಗಕ್ಕೆ ನೂರು ಬಂದರೆ ಬೆಳಕೂ ಅಷ್ಟೇ ಜಾಸ್ತಿ ಆಗುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ತಪ್ಪಾಗುವುದು ಇಲ್ಲೇ. ವ್ಯಾಟ್ ಅಂದರೆ ಬಲ್ಬ್ ಎಷ್ಟು ಕರೆಂಟ್ ತಿನ್ನುತ್ತದೆ ಅನ್ನುವ ಲೆಕ್ಕ. ಎಷ್ಟು ಬೆಳಕು ಕೊಡುತ್ತದೆ ಅನ್ನುವುದಕ್ಕೆ ಲುಮೆನ್ ಅಂತ ಬೇರೆ ಅಳತೆ ಇದೆ. ಹಸು ಎಷ್ಟು ಹಿಂಡಿ ತಿಂದಿತು, ಎಷ್ಟು ಹಾಲು ಕರೆಯಿತು, ಎರಡೂ ಒಂದೇ ಅಲ್ಲವಲ್ಲ, ಹಾಗೆ. ಒಳ್ಳೆ 60/55 ಬಲ್ಬಿಗೆ 13.2 ವೋಲ್ಟ್ ಸಿಕ್ಕರೆ ಹೈನಲ್ಲಿ ಸುಮಾರು 1650 ಲುಮೆನ್, ಡಿಪ್‌ನಲ್ಲಿ ಸುಮಾರು 1000 ಲುಮೆನ್ ಬರಬೇಕು. ನಮ್ಮ ಕಡೆಯ ಡಬಲ್ ರೋಡಿಲ್ಲದ ರಸ್ತೆಗಳಿಗೂ ಅದು ಸಾಕು. ಆದರೆ 13.2 ವೋಲ್ಟ್ ಸಿಕ್ಕರೆ ಮಾತ್ರ.

ಮಾವನ ಪಿಕಪ್‌ಗೆ ಅದು ಸಿಗುತ್ತಿರಲಿಲ್ಲ. ಅವರು ಸೀಸನ್ನಿನಲ್ಲಿ ಟೊಮೆಟೊ ಬಾಕ್ಸ್ ತುಂಬಿಕೊಂಡು ರಾತ್ರಿಯೇ ಕೋಲಾರದ ಮಾರ್ಕೆಟ್‌ಗೆ ಹೊರಡುತ್ತಾರೆ. ಗಾಡಿ ಹಳೆಯದು. ಲೈಟ್ ಮಂಕಾಗಿದೆ ಅಂತ ಒಂದು ಅಂಗಡಿಯಲ್ಲಿ ನೂರು-ತೊಂಬತ್ತು ಹಾಕಿಸಿದರು. ಹಳೆ ಹೋಲ್ಡರು, ಹಳೆ ವೈರು, ಬಲ್ಬ್ ಮಾತ್ರ ಹೊಸದು. ಮೊದಲ ವಾರ ಖುಷಿಯಾಗಿದ್ದರು. ಮೂರನೇ ವಾರ, ಲೋಡ್ ಹೊತ್ತು ಹೋಗುವಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಎಡಗಡೆ ಲೈಟ್ ಆರಿತು. ಬಾನೆಟ್ ಎತ್ತಿ ನೋಡಿದರೆ ಹೋಲ್ಡರ್ ಬಲ್ಬಿನ ಕಾಲಿಗೆ ಕರಗಿ ಅಂಟಿಕೊಂಡಿತ್ತು. ಒಂದೇ ಲೈಟಿನಲ್ಲಿ, ಎದುರಿಂದ ಬರುವವರು ಬೈಕು ಅಂದುಕೊಂಡು ಮೈಮೇಲೆ ಬಂದಾರು ಅನ್ನುವ ಭಯದಲ್ಲಿ, ನಿಧಾನವಾಗಿ ಮಾರ್ಕೆಟ್ ಮುಟ್ಟಿದರು.

ಮರುದಿನ ನಾನು ಮೀಟರ್ ಹಿಡಿದು ನೋಡಿದೆ. ಎಂಜಿನ್ ಓಡುವಾಗ ಬ್ಯಾಟರಿ ಹತ್ತಿರ 13.9 ವೋಲ್ಟ್. ಹಳೆ 60/55 ಬಲ್ಬ್ ಹಾಕಿ, ಸರಿಯಿದ್ದ ಕಡೆಯ ಹೋಲ್ಡರಿನಲ್ಲಿ ನೋಡಿದರೆ 12.5. ದಾರಿಯಲ್ಲೇ 1.4 ವೋಲ್ಟ್ ಸೋರಿ ಹೋಗುತ್ತಿತ್ತು. ಹತ್ತು ಪರ್ಸೆಂಟ್ ತಾನೇ ಅನ್ನಬಹುದು. ಆದರೆ ತಂತಿ ಬಲ್ಬಿನ ಗುಣ ಬೇರೆ: ವೋಲ್ಟ್ ಹತ್ತು ಪರ್ಸೆಂಟ್ ಇಳಿದರೆ ಬೆಳಕು ಸುಮಾರು ಮೂವತ್ತು ಪರ್ಸೆಂಟ್ ಇಳಿಯುತ್ತದೆ. ಮಾವನಿಗೆ ರಸ್ತೆ ಕಾಣದಿದ್ದದ್ದು ಇದರಿಂದ. ಹಿಂಡಿ ಕೊಟ್ಟಿಗೆಗೆ ಬರುವ ದಾರಿಯಲ್ಲೇ ಚೆಲ್ಲುತ್ತಿತ್ತು. ಹಸುವಿನ ತಪ್ಪೇನೂ ಇರಲಿಲ್ಲ.

ಅದೇ ವೈರಿನ ಮೇಲೆ ನೂರು-ತೊಂಬತ್ತು ಹಾಕಿದಾಗ ಸೋರಿಕೆ ಎರಡು ವೋಲ್ಟ್ ದಾಟಿತು. ಲೆಕ್ಕ ಸುಲಭ. 12 ವೋಲ್ಟಿನಲ್ಲಿ 60 ವ್ಯಾಟ್ ಅಂದರೆ 5 ಆಂಪಿಯರ್, 100 ವ್ಯಾಟ್ ಅಂದರೆ 8 ಆಂಪಿಯರಿಗಿಂತ ಜಾಸ್ತಿ. ಆ ಕರೆಂಟ್ ಎಲ್ಲಾ ಸ್ಟೀರಿಂಗ್ ಪಕ್ಕದ ಸ್ವಿಚ್ಚಿನೊಳಗಿಂದ, ಸಣ್ಣ ವೈರಿನಲ್ಲಿ, ತುಕ್ಕು ಹಿಡಿದ ಅರ್ತ್ ಮೂಲಕ ಸುತ್ತಿ ಬರಬೇಕು. ವೈರು, ಹೋಲ್ಡರ್ ಬಿಸಿಯಾಗುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಹಾಗಾಗಿ ಶಾಖ ಸುಮಾರು ಎರಡು ಮುಕ್ಕಾಲು ಪಟ್ಟು ಏರುತ್ತದೆ. 60/55ಕ್ಕೆ ಅಂತ ಮಾಡಿದ ಪ್ಲಾಸ್ಟಿಕ್ ಹೋಲ್ಡರ್ ಅದನ್ನು ಎಲ್ಲಿ ತಡೆಯುತ್ತದೆ? ಡೂಮಿನೊಳಗಿನ, ಅಂದರೆ ಬಲ್ಬ್ ಕೂರುವ ಹೆಡ್‌ಲೈಟ್ ಬಟ್ಟಲಿನೊಳಗಿನ, ಹೊಳಪಿನ ಲೇಪನವೂ ಈ ಶಾಖಕ್ಕೆ ಸುಟ್ಟು ಮಂಕಾಗುತ್ತದೆ. ಆಮೇಲೆ ಯಾವ ಬಲ್ಬ್ ಹಾಕಿದರೂ ಬೆಳಕು ಬರುವುದಿಲ್ಲ.

ಬೈಕಿನವರಿಗೂ ಒಂದು ಮಾತು. ಎಷ್ಟೋ ಬೈಕುಗಳಲ್ಲಿ ಇರುವುದು ಎಚ್4 ತರಹವೇ ಕಾಣುವ ಎಚ್‌ಎಸ್1 ಬಲ್ಬ್, ಅದು 35/35 ವ್ಯಾಟ್. 2017ರ ಏಪ್ರಿಲ್‌ನಿಂದ ಬಂದ ಹೊಸ ಬೈಕುಗಳಲ್ಲಿ ಹಗಲಲ್ಲೂ ಲೈಟ್ ಉರಿಯುತ್ತಲೇ ಇರುತ್ತದೆ. ಅಲ್ಲಿ ನೂರು-ತೊಂಬತ್ತು ತುರುಕಿದರೆ ಬ್ಯಾಟರಿ ಖಾಲಿಯಾಗುತ್ತದೆ, ಅಷ್ಟೇ.

ಇನ್ನು ಎದುರಿನವರ ಕಣ್ಣಿನ ವಿಷಯ. ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ಒಳಗೆ ನೋಡಿ. ಡಿಪ್ ತಂತಿಯ ಕೆಳಗೆ ಚಮಚದಂಥ ಪುಟ್ಟ ಲೋಹದ ತಗಡು ಇರುತ್ತದೆ. ತಂತಿಯ ಬೆಳಕು ಡೂಮಿನ ಕೆಳಭಾಗಕ್ಕೆ ಬೀಳದ ಹಾಗೆ ತಡೆಯುವುದೇ ಅದರ ಕೆಲಸ. ಮೇಲ್ಭಾಗಕ್ಕೆ ಬಿದ್ದ ಬೆಳಕು ಮಾತ್ರ ರಸ್ತೆಗೆ ಇಳಿಯುತ್ತದೆ. ಗೋಡೆ ಮೇಲೆ ಡಿಪ್ ಬಿಟ್ಟರೆ ಮೇಲೆ ಕತ್ತಲೆ, ಕೆಳಗೆ ಬೆಳಕು ಅಂತ ಗೆರೆ ಎಳೆದ ಹಾಗೆ ಕಾಣುವುದು ಈ ಚಮಚದಿಂದ. ತಂತಿ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಗೆರೆ ಕಲೆಸಿಹೋಗುತ್ತದೆ. ಅಗ್ಗದ ನೂರು-ತೊಂಬತ್ತು ಬಲ್ಬುಗಳಲ್ಲೂ, ಹ್ಯಾಲೊಜನ್ ಡೂಮಿಗೆ ಸುಮ್ನೆ ಸಿಕ್ಕಿಸುವ ಎಷ್ಟೋ ಎಲ್‌ಇಡಿ ಬಲ್ಬುಗಳಲ್ಲೂ ಆಗುವುದು ಇದೇ. ಡಿಪ್ ಮಾಡಿದರೂ ಎದುರಿನವರಿಗೆ ಹೈ ಹೊಡೆದಂತೆಯೇ. ಹುಣಸೆಮರದ ಸಾಲಿನ ರಸ್ತೆಯಲ್ಲಿ, ಲೈಟೇ ಇಲ್ಲದ ಸೈಕಲ್ಲಿನಲ್ಲಿ ಬರುವವನು ಆ ಬೆಳಕಿನ ಹಿಂದೆ ನಮಗೆ ಕಾಣುವುದೇ ಇಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ಬರಿಸುವ ವಿಷಯ.

ಕಾನೂನೂ ಇದನ್ನು ಒಪ್ಪುವುದಿಲ್ಲ. ಎದುರಿನವರ ಕಣ್ಣು ಕೋರೈಸದ ಹಾಗೆ ಡಿಪ್ ಬೆಳಕು ಕೆಳಕ್ಕೆ ಬಾಗಿರಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ ಕೇಸು ಹಾಕುವ ಕಾರ್ಯಾಚರಣೆಯನ್ನೇ ನಡೆಸಿದರು.

ನಂದಿ ಬೆಟ್ಟಕ್ಕೆ ಬೆಳಗಿನ ಜಾವ ಹೋದವರಿಗೆ ಗೊತ್ತಿರುತ್ತದೆ, ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಮುಂದೆ ಬಿಳಿ ಗೋಡೆ ಎದ್ದ ಹಾಗಾಗುತ್ತದೆ. ಬೆಳಕು ಜಾಸ್ತಿಯಾದಷ್ಟೂ ಆ ಗೋಡೆ ದಪ್ಪ. ಅಲ್ಲಿ ಬೇಕಾಗಿರುವುದು ಡಿಪ್, ಇಲ್ಲವೇ ಬಂಪರಿನ ಕೆಳಗಿನ ಫಾಗ್ ಲ್ಯಾಂಪ್.

ಹಾಗಾದರೆ ಲೈಟ್ ಸಾಲದವರು ಏನು ಮಾಡಬೇಕು? ಮೊದಲು ರಿಲೇ ವೈರಿಂಗ್. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು. ಬ್ಯಾಟರಿಯಿಂದ ಫ್ಯೂಸ್ ಹಾಕಿ, ದಪ್ಪ ವೈರಿನಲ್ಲಿ ನೇರವಾಗಿ ಬಲ್ಬಿಗೆ ಕರೆಂಟ್ ಕೊಡುವುದು. ಸ್ಟೀರಿಂಗ್ ಪಕ್ಕದ ಸ್ವಿಚ್ಚು ರಿಲೇಯನ್ನು ಎಬ್ಬಿಸುತ್ತದೆ ಅಷ್ಟೇ, ಭಾರದ ಕರೆಂಟ್ ಅದರ ಮೂಲಕ ಹೋಗುವುದಿಲ್ಲ. ಅರ್ತ್ ಬಿಂದುವನ್ನು ಉಜ್ಜಿ ಹೊಸದಾಗಿ ಕಟ್ಟಿಸಿ. ಡೂಮ್ ಹಳದಿಯಾಗಿದ್ದರೆ ಪಾಲಿಶ್ ಮಾಡಿಸಿ. ಇಷ್ಟಾದ ಮೇಲೂ ಬೇಕೆನ್ನಿಸಿದರೆ 60/55ರಲ್ಲೇ ಫಿಲಿಪ್ಸ್, ಓಸ್ರಾಮ್ ಥರದ ಕಂಪನಿಗಳ ಪ್ಲಸ್ 100, ಪ್ಲಸ್ 130 (ಮಾಮೂಲಿಗಿಂತ ಇಷ್ಟು ಪರ್ಸೆಂಟ್ ಜಾಸ್ತಿ ಬೆಳಕು ಅಂತ ಕಂಪನಿ ಹೇಳುವ) ಬಲ್ಬುಗಳಿವೆ. ವ್ಯಾಟ್ ಅಷ್ಟೇ, ಬೆಳಕು ಜಾಸ್ತಿ. ಆದರೆ ಬೇಗ ಸುಟ್ಟುಹೋಗುತ್ತವೆ. ನೀಲಿ ಲೇಪನದ ಹ್ಯಾಲೊಜನ್ ಬಲ್ಬ್ ಮಾತ್ರ ಬೇಡ, ಆ ಬಣ್ಣ ಬೆಳಕನ್ನು ಸ್ವಲ್ಪ ನುಂಗುತ್ತದೆ. ಬಲ್ಬ್ ಹಾಕುವಾಗ ಗಾಜು ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗ ಮಿತಿಮೀರಿ ಕಾದು ಗಾಜು ಹಾಳಾಗುತ್ತದೆ.

ಮಾವನ ಗಾಡಿಗೆ ಹೊಸ ಹೋಲ್ಡರು, ರಿಲೇ, ಮಾಮೂಲಿ 60/55 ಬಲ್ಬ್ ಹಾಕಿಸಿದೆವು. ಹೋಲ್ಡರಿನಲ್ಲಿ ಈಗ 13.6 ವೋಲ್ಟ್ ಇದೆ. ಆಮೇಲೂ ಅವರು, 'ಲೋಡ್ ಹಾಕಿದಾಗ ಮರದ ಕೊಂಬೆ ಚೆನ್ನಾಗಿ ಕಾಣುತ್ತೆ ಕಣಪ್ಪಾ, ರಸ್ತೆ ಕಾಣಲ್ಲ' ಅಂದರು. ಹಿಂದೆ ಭಾರ ಬಿದ್ದಾಗ ಮುಂದಿನ ಮೂತಿ ಮೇಲೇಳುತ್ತದೆ, ಬೆಳಕೂ ಅದರ ಜೊತೆ ಮೇಲೇಳುತ್ತದೆ. ಸಂಜೆ ಟೊಮೆಟೊ ತುಂಬಿದ ಮೇಲೆ ಗಾಡಿಯನ್ನು ಗೋಡೆಯಿಂದ 10 ಮೀಟರ್ ಹಿಂದೆ ನಿಲ್ಲಿಸಿದೆವು. ಬಲ್ಬ್ ಇರುವ ಎತ್ತರಕ್ಕೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಡಿಪ್ ಬೆಳಕಿನ ಅಂಚು ಆ ಗೆರೆಗಿಂತ ಒಂದು ಗೇಣಿನ ಅರ್ಧದಷ್ಟು, ಅಂದರೆ ಸುಮಾರು 10 ಸೆಂಟಿಮೀಟರ್ ಕೆಳಗೆ ಬರುವವರೆಗೆ ಡೂಮಿನ ಹಿಂದಿನ ಸ್ಕ್ರೂ ತಿರುಗಿಸಿದೆವು. ಅದಕ್ಕೆ ಒಂದು ಸ್ಕ್ರೂಡ್ರೈವರ್, ಹತ್ತು ನಿಮಿಷ ಸಾಕಾಯಿತು.