ಅಪ್‌ಡೇಟ್ ಹಾಕಿದಿರಿ, ಸರಿ. ರೀಬೂಟ್ ಮಾಡಿದಿರಾ?

ಸರ್ವರ್ ವರ್ಷದಿಂದ ಒಮ್ಮೆಯೂ ಬಂದ್ ಆಗಿಲ್ಲ ಎಂದು ಅಭಿಮಾನದಿಂದ ಹೇಳುವವರನ್ನು ನಾನು ಕೇಳುವುದು ಒಂದೇ: ಈಗ ಓಡುತ್ತಿರುವ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಯಾವ ಕಾಲದ್ದು? ‘ಅಪ್‌ಡೇಟ್ ಎಲ್ಲ ತಪ್ಪದೆ ಹಾಕ್ತೀವಲ್ಲ’ ಎಂಬ ಉತ್ತರ ಬರುತ್ತದೆ. ಹಾಕುವುದು ಬೇರೆ, ಹಾಕಿದ್ದು ಜಾರಿಗೆ ಬರುವುದು ಬೇರೆ. ಎಷ್ಟು ಹೇಳಿದರೂ ಇದೊಂದು ತಲೆಗೆ ಹೋಗುವುದಿಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಲಿನಕ್ಸ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಗೆ (ಗೂಢಲಿಪಿಯ ಕೆಲಸಕ್ಕೆ ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್) ಅಪ್‌ಡೇಟ್ ಬಂತು ಎನ್ನಿ. ಸಾಫ್ಟ್‌ವೇರ್ ಇಳಿಸಿ ಹಾಕುವ ಪ್ಯಾಕೇಜ್ ಮ್ಯಾನೇಜರ್ ಹಳೆಯ ಫೈಲಿನ ಮೇಲೆಯೇ ಬರೆಯುವುದಿಲ್ಲ. ಹೊಸದನ್ನು ಪಕ್ಕದಲ್ಲಿ ಇಳಿಸಿ, ಆಮೇಲೆ ಅದನ್ನು ಹಳೆಯದರ ಜಾಗಕ್ಕೆ ತರುತ್ತದೆ. ಹೆಸರು ಹೋದರೂ ಹಳೆಯ ಫೈಲ್ ಅಳಿಯುವುದಿಲ್ಲ. ಅದನ್ನು ಹಿಡಿದುಕೊಂಡಿರುವ ಕೊನೆಯ ಪ್ರೋಗ್ರಾಂ ನಿಲ್ಲುವವರೆಗೂ ಡಿಸ್ಕಿನಲ್ಲೇ ಇರುತ್ತದೆ. ವೆಬ್ ಸರ್ವರ್ ತಿಂಗಳ ಹಿಂದೆ ಶುರುವಾಗಿದ್ದರೆ ಅದು ಬಳಸುತ್ತಿರುವುದು ಭದ್ರತೆಯಲ್ಲಿ ತೂತಿರುವ ಆ ಹಳೆಯ ಲೈಬ್ರರಿಯನ್ನೇ. ಪ್ಯಾಕೇಜ್ ಪಟ್ಟಿ ಮಾತ್ರ ಹೊಸ ಆವೃತ್ತಿ ತೋರಿಸುತ್ತದೆ, ಅದನ್ನು ನೋಡಿ ಎಲ್ಲರೂ ನೆಮ್ಮದಿಯಾಗಿರುತ್ತಾರೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗಲೂ ಇದೇ ಕಥೆ: ತೂತು ಮುಚ್ಚಿದ 1.0.1ಜಿ ಆವೃತ್ತಿ ಹಾಕಿದರೂ, ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ರೀಸ್ಟಾರ್ಟ್ ಮಾಡದಿದ್ದರೆ ಮೆಮೊರಿಯಲ್ಲಿದ್ದ ಗುಟ್ಟು ಹೊರಗೆ ಸೋರುತ್ತಲೇ ಇರುತ್ತಿತ್ತು.

ಅನುಮಾನವಿದ್ದರೆ ರೂಟ್ (ಎಲ್ಲ ಅಧಿಕಾರವಿರುವ ಖಾತೆ) ಆಗಿ, ತೆರೆದಿರುವ ಫೈಲುಗಳ ಪಟ್ಟಿ ಕೊಡುವ ‘ಎಲ್‌ಎಸ್‌ಓಎಫ್’ ಓಡಿಸಿ, ಅಳಿಸಿದ್ದು ಎಂದು ಸೂಚಿಸುವ ‘ಡಿಇಎಲ್’ ಗುರುತಿನ ಸಾಲುಗಳನ್ನು ನೋಡಿ. ಎಲ್ಲ ಸಾಲೂ ಅಪಾಯದ್ದಲ್ಲ. ಲೈಬ್ರರಿ ಹೆಸರಿರುವವನ್ನು ಗಮನಿಸಿದರೆ ಸಾಕು. ಡೆಬಿಯನ್, ಉಬುಂಟುಗಳಲ್ಲಿ ‘ನೀಡ್‌ರೀಸ್ಟಾರ್ಟ್’ ಈ ಕೆಲಸವನ್ನು ತಾನೇ ಮಾಡಿಕೊಡುತ್ತದೆ. ರೆಡ್ ಹ್ಯಾಟ್ ಬಳಗದಲ್ಲಿ ರೀಬೂಟ್ ಬೇಕೇ ಎಂದು ಹೇಳಲು ‘ನೀಡ್ಸ್-ರೀಸ್ಟಾರ್ಟಿಂಗ್ -ಆರ್’ ಇದೆ.

ಒಂದೆರಡು ಸರ್ವಿಸ್ ಆದರೆ ರೀಸ್ಟಾರ್ಟ್ ಸಾಕು. ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿ ಬದಲಾದರೆ ಹೆಚ್ಚುಕಮ್ಮಿ ಎಲ್ಲ ಪ್ರೋಗ್ರಾಂಗೂ ಅದು ಬೇಕಾದ್ದರಿಂದ ರೀಬೂಟೇ ಸುಲಭ. ಕರ್ನಲ್‌ಗಂತೂ ಬೇರೆ ದಾರಿ ಕಡಿಮೆ. ‘ಯುನೇಮ್ -ಆರ್’ ಹೇಳುವ ಆವೃತ್ತಿಯನ್ನು ಬೂಟ್ ಡೈರೆಕ್ಟರಿಯಲ್ಲಿರುವ ಅತಿ ಹೊಸ ಕರ್ನಲ್ ಜೊತೆ ಹೋಲಿಸಿ. ಎರಡೂ ಬೇರೆಯಾಗಿದ್ದರೆ ನಿಮ್ಮ ಅಪ್‌ಡೇಟ್ ಇನ್ನೂ ಡಿಸ್ಕಿನಲ್ಲೇ ಮಲಗಿದೆ ಎಂದರ್ಥ. 2016ರ ಅಕ್ಟೋಬರ್‌ನಲ್ಲಿ ಬಯಲಾದ ಡರ್ಟಿ ಕೌ ದೋಷ 2007ರಿಂದಲೂ ಕರ್ನಲ್‌ನಲ್ಲಿತ್ತು, ಸಾಧಾರಣ ಬಳಕೆದಾರನನ್ನು ರೂಟ್ ಮಾಡಿಬಿಡುತ್ತಿತ್ತು. ಓಡುತ್ತಿರುವ ಕರ್ನಲನ್ನೇ ರೀಬೂಟ್ ಇಲ್ಲದೆ ತಿದ್ದುವ ಲೈವ್ ಪ್ಯಾಚಿಂಗ್ ಒಳ್ಳೆಯದೇ, ಬೇಡ ಎನ್ನುವುದಿಲ್ಲ. ಆದರೆ ಅದರಲ್ಲಿ ಸಾಮಾನ್ಯವಾಗಿ ಬರುವುದು ಗಂಭೀರ ದೋಷಗಳ ಪರಿಹಾರ ಮಾತ್ರ, ಕರ್ನಲ್‌ನ ಡೇಟಾ ರಚನೆಯೇ ಬದಲಾಗಬೇಕಾದ ಕಡೆ ಅದು ತಿಣುಕುತ್ತದೆ. ರೀಬೂಟನ್ನು ಮುಂದೂಡಲು ಅದು ಸಾಕು, ರದ್ದು ಮಾಡಲು ಅಲ್ಲ.

ವಿಂಡೋಸ್ ಬಳಸುವವರಿಗೆ ಬೇರೊಂದು ಎಚ್ಚರಿಕೆ. ‘ದಿನಾ ಶಟ್‌ಡೌನ್ ಮಾಡ್ತೀನಿ’ ಎಂದರೆ ಸಾಲದು. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಕರ್ನಲ್ ಸ್ಥಿತಿ ಡಿಸ್ಕಿಗೆ ಉಳಿದು, ಬೆಳಿಗ್ಗೆ ಅದೇ ಮರಳಿ ಬರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಒತ್ತಿ, ಅಪ್ ಟೈಮ್ ನೋಡಿ, ದಿನಗಟ್ಟಲೆ ಇರಬಹುದು. ಒತ್ತಬೇಕಾದದ್ದು ‘ರೀಸ್ಟಾರ್ಟ್’.

ರೀಬೂಟ್ ಮಾಡಿದರೆ ಮೇಲೇಳುತ್ತದೋ ಇಲ್ಲವೋ ಎಂಬ ಭಯ ನನಗೆ ಅರ್ಥವಾಗುತ್ತದೆ. ಆದರೆ ಆ ಭಯವೇ ಬೇಗ ರೀಬೂಟ್ ಮಾಡಲು ಕಾರಣವಾಗಬೇಕು. ಯಾರೋ ಕೈಯಾರೆ ಮೌಂಟ್ ಮಾಡಿ (ಜೋಡಿಸಿ) ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿ) ಬರೆಯದೆ ಬಿಟ್ಟ ಡಿಸ್ಕ್, ಸ್ಟಾರ್ಟ್ ಮಾಡಿ, ಬೂಟ್ ಆದಾಗ ತಾನೇ ಶುರುವಾಗುವಂತೆ ಎನೇಬಲ್ ಮಾಡಲು ಮರೆತ ಸರ್ವಿಸ್, ಸೇವ್ ಮಾಡದ ಫೈರ್‌ವಾಲ್ ನಿಯಮ ಇವೆಲ್ಲ ಕರೆಂಟ್ ಹೋದ ರಾತ್ರಿ ಒಟ್ಟಿಗೆ ಹೊರಬೀಳುತ್ತವೆ. ನೀವೇ ಆರಿಸಿಕೊಂಡ ಹೊತ್ತಿನಲ್ಲಿ ಹೊರಬಂದರೆ ಒಳ್ಳೆಯದಲ್ಲವೇ?

ಬಹಳ ದಿನ ಓಡಿದ ಯಂತ್ರವಾದರೆ ಮೊದಲು ಬ್ಯಾಕಪ್, ರಿಮೋಟ್ ಕನ್ಸೋಲ್ (ಬೂಟ್ ಆಗದಿದ್ದರೂ ದೂರದಿಂದ ಪರದೆ ನೋಡುವ ದಾರಿ) ಎರಡನ್ನೂ ಖಚಿತಪಡಿಸಿಕೊಳ್ಳಿ. ‘ಫೈಂಡ್‌ಎಮ್‌ಎನ್‌ಟಿ --ವೆರಿಫೈ’ ಓಡಿಸಿ ಎಫ್‌ಎಸ್‌ಟ್ಯಾಬ್ ಪರೀಕ್ಷಿಸಿ. ಬಳಿಕ ಅಪ್‌ಡೇಟ್ ಹಾಕುವ ಮುಂಚೆಯೇ ಒಮ್ಮೆ ರೀಬೂಟ್ ಮಾಡಿ. ಇದನ್ನು ಹೇಳಿದರೆ ಕೆಲವರು ಮುಖ ನೋಡುತ್ತಾರೆ. ಆಗ ಮೇಲೇಳದಿದ್ದರೆ ತೊಂದರೆ ಹಳೆಯದೆಂದು ಗೊತ್ತಾಗುತ್ತದೆ, ಅಪ್‌ಡೇಟನ್ನು ದೂರುವ ಪ್ರಮೇಯ ಬರುವುದಿಲ್ಲ. ಎದ್ದ ಮೇಲೆ ಬೂಟ್ ಪಾರ್ಟಿಷನ್‌ನಲ್ಲಿ ಜಾಗವಿದೆಯೇ ನೋಡಿ ಅಪ್‌ಡೇಟ್ ಹಾಕಿ, ಮತ್ತೆ ರೀಬೂಟ್ ಮಾಡಿ, ವಿಫಲವಾದ ಸರ್ವಿಸ್‌ಗಳನ್ನು ತೋರಿಸುವ ‘ಸಿಸ್ಟಮ್‌ಸಿಟಿಎಲ್ --ಫೇಲ್ಡ್’ ನೋಡಿ. ಹೊಸ ಕರ್ನಲ್ ಕೈಕೊಟ್ಟರೆ ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಿಂದ ಹಳೆಯದನ್ನು ಆರಿಸಬಹುದು, ಆದ್ದರಿಂದ ಅದನ್ನು ಆತುರಪಟ್ಟು ಅಳಿಸಬೇಡಿ. ಸೇವೆ ನಿಲ್ಲಲೇಬಾರದು ಎಂದಿದ್ದರೆ ಎರಡು ಯಂತ್ರ ಇಟ್ಟು ಸರದಿಯಂತೆ ರೀಬೂಟ್ ಮಾಡಿ. ಗ್ರಾಹಕರಿಗೆ ಬೇಕಿರುವುದು ಸೇವೆ, ಯಾವ ಪೆಟ್ಟಿಗೆ ಎಷ್ಟು ದಿನ ಓಡಿತು ಎಂಬ ಲೆಕ್ಕವಲ್ಲ.