ಎಷ್ಟು ದಿನದಿಂದ?

“ಬಿಳಿ ಹೋಗುತ್ತದೆ ಮೇಡಂ, ಸೊಂಟ ಸೇದುತ್ತದೆ, ಕೈಕಾಲಿನಲ್ಲಿ ಶಕ್ತಿಯೇ ಇಲ್ಲ.” ಸ್ತ್ರೀರೋಗ ವಿಭಾಗದ ಹೊರರೋಗಿ ಕೊಠಡಿಯಲ್ಲಿ ಈ ಮಾತು ಕೇಳದೆ ಒಂದು ವಾರವೂ ಕಳೆಯುವುದಿಲ್ಲ. ಅಂದು ಆಕೆಯನ್ನು ವಿಚಾರಿಸುತ್ತಿದ್ದವನು ನನ್ನ ವಿದ್ಯಾರ್ಥಿ. “ಎಷ್ಟು ದಿನದಿಂದ ಅಮ್ಮ?” ಎಂದ. “ದೊಡ್ಡ ಮಗಳ ಮದುವೆ ಆದಾಗಿನಿಂದ” ಎಂದರು. “ಅದಾಗಿ ಎಷ್ಟು ದಿನವಾಯಿತು?” ಆಕೆ ಬೆರಳು ಮಡಚಿ ಎಣಿಸಿ, ಎರಡು ವರ್ಷ ಎಂದರು. ಕೇಸ್ ಶೀಟಿನಲ್ಲಿ ಅವನು ಇಂಗ್ಲಿಷಿನಲ್ಲಿ ಬರೆದ: ಬಿಳಿ ಸ್ರಾವ, ಎರಡು ವರ್ಷ, ಸೊಂಟನೋವು, ಎರಡು ವರ್ಷ, ನಿಶ್ಶಕ್ತಿ, ಎರಡು ವರ್ಷ. ಮದುವೆಯ ಮಾತು ನಡುದಾರಿಯಲ್ಲೇ ಬಿದ್ದುಹೋಯಿತು.

ರೋಗಿಯ ಮುಖ್ಯ ದೂರನ್ನು ರೋಗಿಯ ಮಾತಿನಲ್ಲೇ ಬರೆದುಕೊಳ್ಳಿ ಎಂದು ನಾವು ಓದಿದ ಪುಸ್ತಕಗಳೇ ಹೇಳುತ್ತವೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಉಂಟು. ಆದರೆ ಆಕೆಯ ಮಾತು ಕನ್ನಡ, ನಮ್ಮ ಶೀಟು ಇಂಗ್ಲಿಷ್.

ಆಕೆಯ ಕೈಚೀಲದಲ್ಲಿ ಹಳೆಯ ಚೀಟಿಗಳಿದ್ದವು. ಮೂರು ಸಲ ಹಸಿರು ಕಿಟ್ ನುಂಗಿಯಾಗಿತ್ತು. ಯೋನಿಸ್ರಾವಕ್ಕೆಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವ ಪೊಟ್ಟಣವದು: 2 ಗ್ರಾಂ ಸೆಕ್ನಿಡಜೋಲ್, 150 ಮಿಲಿಗ್ರಾಂ ಫ್ಲುಕೊನಜೋಲ್, ಎರಡೂ ಸೋಂಕಿನ ಔಷಧಗಳು. ಪ್ರಯೋಗಾಲಯವಿಲ್ಲದ ಊರುಗಳಲ್ಲಿ ಲಕ್ಷಣ ನೋಡಿ ಔಷಧ ಕೊಡುವ ಈ ಕ್ರಮವನ್ನು ನಾನು ಹಳಿಯುವುದಿಲ್ಲ. ಆದರೆ ‘ಬಿಳಿ ಹೋಗುವುದು’ ಎಂದರೆ ಸೋಂಕು ಎಂದು ಆ ಪೊಟ್ಟಣ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ದೂರಿಗೆ ಸೋಂಕಿಗಿಂತ ಬದುಕಿನ ಬೇಗುದಿಯೊಂದಿಗೇ ಗಟ್ಟಿಯಾದ ನಂಟು ಕಂಡಿತ್ತು.

“ಮೂಳೆ ಕರಗಿ ನೀರಾಗಿ ಹೋಗುತ್ತಿದೆ” ಎಂದೂ ಆಕೆ ಹೇಳಿದ್ದರು. ವಿದ್ಯಾರ್ಥಿ ನಕ್ಕಿರಲಿಲ್ಲ, ಬರೆದುಕೊಂಡೂ ಇರಲಿಲ್ಲ. ರಸದಿಂದ ಶುಕ್ರದವರೆಗೆ ಏಳು ಧಾತುಗಳನ್ನು ಎಣಿಸುವ ಆಯುರ್ವೇದದ ನೆರಳು ಈ ಮಾತಿನ ಮೇಲಿದೆ. ಮೈಯ ಸತ್ವವೇ ಸೋರುತ್ತಿದೆ ಎಂಬ ಭಯಕ್ಕೆ ಸೊಂಟ, ಸುಸ್ತು, ಬಿಳಿ ಎಲ್ಲವೂ ಒಂದೇ ಕಾಯಿಲೆ. ನಮಗೆ ಅವು ಮೂರು ವಿಭಾಗಗಳು.

ಇದನ್ನು ಮೊದಲು ನನಗೆ ಕಲಿಸಿದ್ದು ವೈದ್ಯರಲ್ಲ. ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ದಕ್ಷಿಣ ಕನ್ನಡದ ಹವ್ಯಕ ಹೆಂಗಸರ ನಡುವೆ ಕೆಲಸ ಮಾಡಿ 1981ರಲ್ಲೊಂದು ಪ್ರಬಂಧ ಬರೆದರು. ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನು ಹೆಂಗಸರು ಮೈಯ ಮೂಲಕ, ಉಪವಾಸದ ಮೂಲಕ, ಮಡಿಯ ಮೂಲಕ ಹೇಳುವ ಬಗೆಗೆ ಅವರಿಟ್ಟ ಹೆಸರನ್ನು ‘ಸಂಕಟದ ನುಡಿಗಟ್ಟು’ ಎನ್ನಬಹುದು. ವೈದ್ಯಕೀಯ ಮಾನವಿಕಗಳು ಎಂದು ಈಗ ಕರೆಯುವ ಓದು ನನ್ನ ಮಟ್ಟಿಗೆ ಇಂಥದ್ದು: ಇತಿಹಾಸ, ಸಾಹಿತ್ಯ, ಮಾನವಶಾಸ್ತ್ರಗಳ ನೆರವಿನಿಂದ ಕಿವಿಯನ್ನು ಹದಗೊಳಿಸುವುದು. ಆದರೆ ಇದನ್ನು ರೋಗಿಯ ಕೈ ಹಿಡಿದು ಸಮಾಧಾನ ಹೇಳುವ ತರಗತಿಯೆಂದು ಬಹಳ ಮಂದಿ ತಿಳಿದಿದ್ದಾರೆ.

2019ರ ಹೊಸ ಪಠ್ಯಕ್ರಮ ಬಂದಾಗ ಎಂಬಿಬಿಎಸ್‌ಗೆ ನೀತಿ, ನಡವಳಿಕೆ, ಸಂವಹನದ ಪಾಠಗಳೂ ಸೇರಿದವು. ಒಳ್ಳೆಯದೇ. ಆರಂಭದ ದಿನಗಳಲ್ಲಿ ಸ್ಥಳೀಯ ಭಾಷೆಯನ್ನೂ ಕಲಿಸುತ್ತೇವೆ. ಹೊರರಾಜ್ಯದ ಮಕ್ಕಳು “ಎಲ್ಲಿ ನೋವು? ಎಷ್ಟು ದಿನದಿಂದ?” ಎಂದು ಬಾಯಿಪಾಠ ಮಾಡುತ್ತಾರೆ. ಪ್ರಶ್ನೆ ಬರುತ್ತದೆ, ಉತ್ತರ ತಿಳಿಯುವುದಿಲ್ಲ. ಕನ್ನಡದ ಮಕ್ಕಳ ಪಾಡೂ ಬೇರೆಯಲ್ಲ ಎನ್ನುವುದಕ್ಕೆ ಮೇಲಿನವನೇ ಸಾಕ್ಷಿ. ಅವನು ಹಾಸನದ ಹುಡುಗ.

ಇದಕ್ಕೆ ಎದುರಾದ ತಪ್ಪನ್ನು ಮಾಡಿದವಳು ನಾನು. ಬಹಳ ವರ್ಷಗಳ ಹಿಂದೆ, ಮುಟ್ಟು ನಿಂತಿದ್ದ ಹೆಂಗಸೊಬ್ಬರು ಇದೇ ದೂರು ಹಿಡಿದು ಬಂದಿದ್ದರು. ಸೊಸೆಯ ಜೊತೆಗಿನ ಜಗಳದ ಕಥೆಯನ್ನು ಅರ್ಧ ಗಂಟೆ ಕೇಳಿದೆ. ಹೊಸದಾಗಿ ಓದಿಕೊಂಡಿದ್ದ ಹುರುಪು. ಗರ್ಭಕೊರಳನ್ನು ನೋಡಲು ಬಳಸುವ ಸ್ಪೆಕ್ಯುಲಮ್ ಕೈಗೆತ್ತಿಕೊಳ್ಳಲಿಲ್ಲ. ಮೂರು ತಿಂಗಳ ಮೇಲೆ ರಕ್ತಸ್ರಾವವಾಗಿ ಬಂದರು, ಗರ್ಭಕೊರಳಿನ ಕ್ಯಾನ್ಸರ್. “ಬಟ್ಟೆ ಒಗೆದು ಒಣಗಿಸಿದರೂ ವಾಸನೆ ಹೋಗುವುದಿಲ್ಲ” ಎಂದು ಮೊದಲ ದಿನವೇ ಹೇಳಿದ್ದರು. ಆ ಅರ್ಧ ಗಂಟೆಯಲ್ಲಿ ನಾನು ಕೇಳಿಸಿಕೊಂಡದ್ದು ನನಗೆ ಬೇಕಿದ್ದ ಕಥೆಯನ್ನು ಮಾತ್ರ.

ಹಾಗಾಗಿ ಈಕೆಯನ್ನು ಮೊದಲು ಪರೀಕ್ಷಿಸಿದೆವು. ಗರ್ಭಕೊರಳು ಆರೋಗ್ಯವಾಗಿತ್ತು, ಸ್ರಾವ ಸಹಜವಾದದ್ದೇ. ಹಿಮೋಗ್ಲೋಬಿನ್ ಒಂಬತ್ತಕ್ಕಿಂತ ಕೆಳಗಿತ್ತು. ಕಬ್ಬಿಣದ ಮಾತ್ರೆ ಬರೆದೆ. ಆಮೇಲೆ ಮದುವೆ ಹೇಗಾಯಿತು ಎಂದು ಕೇಳಿದೆ. ಸಂಘದ ಸಾಲ ಇನ್ನೂ ತೀರಿರಲಿಲ್ಲ. ಸಾಲದ ಮಾತು ಬೇಗ ಮುಗಿಯಿತು. “ಮನೆಯಲ್ಲಿ ನನ್ನ ಜೊತೆ ಮಾತಾಡುತ್ತಿದ್ದವಳು ಅವಳೊಬ್ಬಳೇ” ಎಂದು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಆಪ್ತಸಮಾಲೋಚಕಿಯ ಕೊಠಡಿಯನ್ನು ತೋರಿಸಿ, ತಿಂಗಳು ಬಿಟ್ಟು ಬರಲು ಹೇಳಿದೆವು.

ವಿದ್ಯಾರ್ಥಿ ಹೊಸ ಶೀಟು ತೆಗೆದುಕೊಂಡು ಮುಖ್ಯ ದೂರಿನ ಸಾಲಿನಲ್ಲಿ ಕನ್ನಡದಲ್ಲೇ ಬರೆದ: “ದೊಡ್ಡ ಮಗಳ ಮದುವೆ ಆದಾಗಿನಿಂದ ಬಿಳಿ ಹೋಗುತ್ತದೆ.” ಮಧ್ಯಾಹ್ನ ಅದನ್ನು ನೋಡಿದ ಹಿರಿಯ ಸಹೋದ್ಯೋಗಿಯೊಬ್ಬರು, “ಇದರಲ್ಲಿ ಡ್ಯುರೇಷನ್ ಎಲ್ಲಿ ಬರೆದಿದ್ದೀಯ?” ಎಂದು ಅವನನ್ನು ಕೇಳಿದರು.